ಲೋಹಕ್ಕೆ ಗಾಜಿನ ಹೊದಿಕೆ: ಎನಾಮಲ್ ಪಾತ್ರೆಯ ಚರಿತ್ರೆ

(ಮಾರ್ಗನ್ ಹಿಲ್‌ನಲ್ಲಿ ನೆರೆದ ಕನ್ನಡ ಕುಟುಂಬಗಳ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ವೈದ್ಯರಾದವರು ರೋಗರುಜಿನಗಳ ಮಾತನ್ನು ಬದಿಗಿಟ್ಟು ಪಾತ್ರೆ ಪಡಗಗಳ ಚರಿತ್ರೆಯನ್ನು ಹೇಳಲು ನಿಂತರೆ ತಮ್ಮಲ್ಲಿ ಕೆಲವರಿಗಾದರೂ ಆಶ್ಚರ್ಯವಾದೀತು. ಆದರೆ ಅನ್ನವು ನಮ್ಮ ಹೊಟ್ಟೆಯನ್ನು ಸೇರುವ ಮೊದಲು ಪಾತ್ರೆಯಲ್ಲಿ ಬೇಯುತ್ತದೆ, ಪಾತ್ರೆಯಲ್ಲಿ ಕಾಯುತ್ತದೆ. ಪಾತ್ರೆಯ ಒಳಮೈಯಿಂದ ಏನಾದರೂ ಅನ್ನಕ್ಕೆ ಇಳಿದರೆ ಅದು ನಮ್ಮ ರಕ್ತಕ್ಕೂ ಇಳಿಯುತ್ತದೆ. ಈ ಕಾರಣದಿಂದ ಪಾತ್ರೆಯ ಚರಿತ್ರೆಯು ವೈದ್ಯಶಾಸ್ತ್ರದ ಒಂದು ಅಧ್ಯಾಯವೂ ಆಗಿದೆಯೆಂದು ನಾವು ಭಾವಿಸುತ್ತೇವೆ. ಇಂದು ಆ ಚರಿತ್ರೆಯಲ್ಲಿ ಒಂದೇ ಒಂದು ಎಳೆಯನ್ನು ಹಿಡಿದು ಹೋಗೋಣ. ಕಬ್ಬಿಣದ ಮೇಲೆ ಗಾಜನ್ನು ಕರಗಿಸಿ ಹೊದಿಸುವ ಎನಾಮಲ್ ವಿದ್ಯೆಯೇ ಆ ಎಳೆ. ಆಡುಮಾತಿನಲ್ಲಿ ನಾವು ಇದನ್ನೂ ಪಿಂಗಾಣಿ ಎಂದೇ ಕರೆಯುವುದುಂಟು.

ಮೊದಲು ನಮ್ಮ ಅಜ್ಜಿಯರ ಅಡುಗೆಮನೆಯಿಂದಲೇ ಹೊರಡುವುದು ಉಚಿತ. ಅಲ್ಲಿ ಹಿತ್ತಾಳೆ, ತಾಮ್ರ, ಕಂಚುಗಳಿದ್ದವು. ಒಲೆಯ ಪಕ್ಕದಲ್ಲಿ ಕಲ್ಲಿನ ಮರಿಗೆಯೂ ಮಣ್ಣಿನ ಮಡಕೆಯೂ ಇದ್ದವು. ಹುಳಿ, ಸಾರು, ಗೊಜ್ಜುಗಳನ್ನು ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಮಾಡಬಾರದೆಂಬುದು ಆ ಮನೆಗಳ ಕಟ್ಟಳೆ. ಹುಣಿಸೆಹಣ್ಣಿನ ಆಮ್ಲವು ತಾಮ್ರವನ್ನು ಕರಗಿಸುತ್ತದೆಂಬ ರಸಾಯನಶಾಸ್ತ್ರವನ್ನು ಅವರು ಓದಿರಲಿಲ್ಲ. 'ಕಿಲುಬು ಬಿಡುತ್ತದೆ' ಎಂಬ ಒಂದು ಮಾತಿನಲ್ಲಿ ಆ ಶಾಸ್ತ್ರವೆಲ್ಲ ಅಡಗಿತ್ತು. ಆದುದರಿಂದಲೇ ಕಲಾಯಿಗಾರನು ಬೀದಿಯಲ್ಲಿ ತಿದಿ ಹೂಡಿ ಕೂರುತ್ತಿದ್ದ. ಕಾದ ಪಾತ್ರೆಗೆ ನವಸಾಗರದ ಪುಡಿಯನ್ನು ಉದುರಿಸಿ, ತವರವನ್ನು ಮುಟ್ಟಿಸಿ, ಬಟ್ಟೆಯಿಂದ ಒಮ್ಮೆ ಸುತ್ತ ಒರೆಸಿದರೆ ಪಾತ್ರೆಯ ಒಳಗೆ ಬೆಳ್ಳಿಯಂತಹ ಮೈ ಮೂಡುತ್ತಿತ್ತು. ಆ ತೆಳುವಾದ ತವರದ ಪದರವೇ ತಾಮ್ರಕ್ಕೂ ಅನ್ನಕ್ಕೂ ನಡುವಿನ ಗೋಡೆ. ಅದು ಸವೆದಾಗ ಕಣ್ಣಿಗೆ ಕಾಣುತ್ತಿತ್ತು. ಕಂಡೊಡನೆ ಮತ್ತೆ ಕಲಾಯಿ ಮಾಡಿಸುತ್ತಿದ್ದರು.

ಆ ಗೋಡೆಯನ್ನು ತವರದ ಬದಲು ಗಾಜಿನಿಂದ ಕಟ್ಟಿದರೆ ಅದೇ ಎನಾಮಲ್. ಇಲ್ಲಿ ಒಂದು ಸಂದೇಹವನ್ನು ಪರಿಹರಿಸಬೇಕು. ಪಿಂಗಾಣಿ ಬಟ್ಟಲು ಜೇಡಿಮಣ್ಣಿನಿಂದ ಮಾಡಿ ಸುಟ್ಟ ವಸ್ತು. ಎನಾಮಲ್ ಬಟ್ಟಲಿನ ಒಡಲು ಉಕ್ಕು, ಮೇಲ್ಮೈ ಮಾತ್ರ ಗಾಜು. ಮರಳು, ಫೆಲ್ಡ್‌ಸ್ಪಾರ್, ಸೋಡಾ, ಬಿಳಿಗಾರ ಮುಂತಾದವುಗಳನ್ನು ಕುಲುಮೆಯಲ್ಲಿ ಕರಗಿಸಿ, ಆ ದ್ರವವನ್ನು ತಟ್ಟನೆ ತಣಿಸಿದರೆ ಅದು ಚೂರು ಚೂರಾಗಿ ಒಡೆಯುತ್ತದೆ. ಈ ಚೂರುಗಳಿಗೆ ಕಸುಬಿನವರು ಫ್ರಿಟ್ ಎನ್ನುತ್ತಾರೆ. ಇದನ್ನು ನುಣ್ಣಗೆ ಅರೆದು, ನೀರಿನಲ್ಲಿ ಕದಡಿ, ಶುಚಿಮಾಡಿದ ಉಕ್ಕಿನ ಪಾತ್ರೆಗೆ ಬಳಿದು ಒಣಗಿಸಿ, ಸುಮಾರು 800ರಿಂದ 850 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕೆಲವು ನಿಮಿಷ ಇಟ್ಟರೆ ಗಾಜು ಕರಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ.

ಹೇಳುವುದಕ್ಕೆ ಇಷ್ಟೇ. ಆದರೆ ಕಾದಾಗ ಹಿಗ್ಗುವುದರಲ್ಲಿಯೂ ಆರಿದಾಗ ಕುಗ್ಗುವುದರಲ್ಲಿಯೂ ಗಾಜು ಮತ್ತು ಉಕ್ಕುಗಳಿಗೆ ಸಾಮ್ಯವಿಲ್ಲ. ಸ್ವಭಾವ ಕೂಡದ ಇಬ್ಬರನ್ನು ಒಂದೇ ಮನೆಯಲ್ಲಿ ಬಾಳಿಸಿದಂತೆ ಇದು. ಗಾಜು ಎಳೆತವನ್ನು ಸಹಿಸದು, ಒತ್ತಡವನ್ನು ಚೆನ್ನಾಗಿ ಸಹಿಸುತ್ತದೆ. ಆದಕಾರಣ ಆರುವಾಗ ಉಕ್ಕು ಗಾಜಿಗಿಂತ ತುಸು ಹೆಚ್ಚು ಕುಗ್ಗಿ, ಗಾಜಿನ ಪದರವನ್ನು ಸದಾ ಬಿಗಿಹಿಡಿದಿರುವಂತೆ ಫ್ರಿಟ್ಟಿನ ಪಾಕವನ್ನು ಹೊಂದಿಸಬೇಕು. ಇನ್ನು ಅಂಟುವಿಕೆಗೆ ಕೋಬಾಲ್ಟ್ ಆಕ್ಸೈಡ್ ಬೇಕು. ತಳಪದರದಲ್ಲಿ ಅದು ಇರುವುದರಿಂದಲೇ ಬಿಳಿ ಎನಾಮಲ್ ಬಟ್ಟಲಿನ ಚಕ್ಕೆ ಹಾರಿದಾಗ ಒಳಗೆ ಕಪ್ಪುನೀಲಿ ಬಣ್ಣ ಕಾಣುವುದು. ಮೇಲ್ಪದರದ ಬೆಳ್ಳಗಿಗೆ ಹಿಂದೆ ತವರದ ಆಕ್ಸೈಡನ್ನೂ, ಅದು ದುಬಾರಿಯಾದಾಗ ಆಂಟಿಮನಿಯನ್ನೂ, 1940ರ ದಶಕದಿಂದೀಚೆಗೆ ಟೈಟೇನಿಯಂ ಡೈಆಕ್ಸೈಡನ್ನೂ ಬಳಸಿದರು. ಆಂಟಿಮನಿಯ ಮಾತನ್ನು ತಾವು ನೆನಪಿನಲ್ಲಿಡಬೇಕು. ಮುಂದೆ ಅದರ ಕಥೆ ಬರಲಿದೆ.

ಚಿನ್ನಬೆಳ್ಳಿಗಳ ಮೇಲೆ ಬಣ್ಣದ ಗಾಜನ್ನು ಕರಗಿಸುವ ಕಲೆ ಬಹು ಪ್ರಾಚೀನವಾದುದು; ಜಯಪುರದ ಮೀನಾಕಾರಿ ಅದರದೇ ವಂಶ. ಅದನ್ನು ಅಡುಗೆಯ ಕಬ್ಬಿಣಕ್ಕೆ ತರುವ ಯೋಚನೆ ಹುಟ್ಟಿದ್ದು 18ನೆಯ ಶತಮಾನದ ಜರ್ಮನಿಯಲ್ಲಿ. ಯೂಸ್ಟಿ ಎಂಬ ಅರ್ಥಶಾಸ್ತ್ರ ಪಂಡಿತನು 1760ರ ಸುಮಾರಿಗೆ ಕಬ್ಬಿಣದ ಪಾತ್ರೆಗಳಿಗೆ ಗಾಜಿನ ಲೇಪ ಹಾಕಬಹುದೆಂದು ಸೂಚಿಸಿದನು. ತಾಮ್ರದ ಪಾತ್ರೆಗಳ ಕಿಲುಬು ಯೂರೋಪಿನವರಿಗೂ ತಲೆನೋವಾಗಿದ್ದ ಕಾಲವದು. ಆ ವಿದ್ಯೆಯು ವಲಸೆಗಾರರೊಡನೆ ಅಮೆರಿಕಕ್ಕೂ ಬಂದಿತು. ಜರ್ಮನಿಯಿಂದ ಸೇಂಟ್ ಲೂಯಿಸ್ ನಗರಕ್ಕೆ ಬಂದು ನೆಲೆಸಿದ ನೀಡ್ರಿಂಗ್‌ಹೌಸ್ ಸಹೋದರರು 1870ರ ದಶಕದಲ್ಲಿ ಚುಕ್ಕೆಚುಕ್ಕೆಯ ಬೂದುಬಣ್ಣದ ಎನಾಮಲ್ ಪಾತ್ರೆಗಳನ್ನು 'ಗ್ರಾನೈಟ್‌ವೇರ್' ಎಂಬ ಹೆಸರಿನಲ್ಲಿ ತಯಾರಿಸಿದರು. ಅವರ ಕಾರ್ಖಾನೆಗಾಗಿ ಕಟ್ಟಿದ ಊರು ಇಲಿನಾಯ್ ರಾಜ್ಯದ ಗ್ರಾನೈಟ್ ಸಿಟಿ. ಅದು ನಗರವಾದದ್ದು 1896ರಲ್ಲಿ. ಒಂದು ಪಾತ್ರೆಯ ಹೆಸರಿನಿಂದ ಒಂದು ಊರಿಗೇ ಹೆಸರು ಬಂದ ಉದಾಹರಣೆ ಇದು.

ಇನ್ನು ನಾವು ನೆಲೆಸಿರುವ ಈ ಸೀಮೆಗೆ ಬರೋಣ. ಎನಾಮಲ್ಲಿನ ಪಾಕದಲ್ಲಿ ಬಿಳಿಗಾರವು ಬಹು ಮುಖ್ಯ ದ್ರವ್ಯ. ಗಾಜು ಕಡಿಮೆ ಶಾಖದಲ್ಲಿಯೇ ಕರಗುವಂತೆ ಮಾಡುವುದು ಅದೇ. ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರಕ್ಕೆ ಸಂಸ್ಕೃತದಲ್ಲಿ ಟಂಕಣವೆಂದು ಹೆಸರು. ಒಂದು ಕಾಲದಲ್ಲಿ ಟಿಬೆಟ್ ಮತ್ತು ಲಡಾಖಿನ ಪುಗಾ ಕಣಿವೆಗಳಿಂದ ಅದು ಕುರಿಗಳ ಬೆನ್ನಿನ ಮೇಲೆ ಹಿಂದೂಸ್ಥಾನಕ್ಕೆ ಇಳಿದು, ಅಲ್ಲಿಂದ ಯೂರೋಪಿಗೆ ಹೋಗುತ್ತಿತ್ತು. ಕ್ಯಾಲಿಫೋರ್ನಿಯದಲ್ಲಿ ಅದನ್ನು ಮೊದಲು ಕಂಡವರು ಡಾಕ್ಟರ್ ಜಾನ್ ವೀಚ್ ಎಂಬ ವೈದ್ಯರು. 1856ರಲ್ಲಿ ಉತ್ತರ ಕ್ಯಾಲಿಫೋರ್ನಿಯದ ಬುಗ್ಗೆಯೊಂದರ ನೀರಿನಲ್ಲಿ ಬಿಳಿಗಾರವನ್ನು ಗುರುತಿಸಿದ ಅವರು, ಬಳಿಕ ಕ್ಲಿಯರ್ ಲೇಕ್ ಸಮೀಪದ ಸಣ್ಣ ಸರೋವರದಲ್ಲಿ ಅದರ ನಿಕ್ಷೇಪವನ್ನೇ ಕಂಡರು. ಅದಕ್ಕೆ ಇಂದಿಗೂ ಬೋರಾಕ್ಸ್ ಲೇಕ್ ಎಂದೇ ಹೆಸರು. 1860ರ ದಶಕದಲ್ಲಿ ಅಲ್ಲಿ ಉತ್ಪಾದನೆ ಪ್ರಾರಂಭವಾಯಿತು. ಮುಂದೆ 1883ರಿಂದ ಕೆಲವು ವರ್ಷ ಡೆತ್ ವ್ಯಾಲಿಯಿಂದ 165 ಮೈಲಿ ದೂರದ ಮೊಹಾವೆಯ ರೈಲು ನಿಲ್ದಾಣಕ್ಕೆ ಬಿಳಿಗಾರವನ್ನು ಹೇಸರಗತ್ತೆಗಳ ಸಾಲುಬಂಡಿಗಳಲ್ಲಿ ಸಾಗಿಸಿದ ಕಥೆಯನ್ನು ನಮ್ಮ ಮಕ್ಕಳು ಇಲ್ಲಿಯ ಶಾಲೆಗಳಲ್ಲಿ ಕೇಳಿರಬಹುದು. ಆ ವ್ಯಾಪಾರದ ದೊರೆಯೆನಿಸಿದ ಫ್ರಾನ್ಸಿಸ್ ಮರಿಯನ್ ಸ್ಮಿತ್ ನೆಲೆಸಿದ್ದು ಓಕ್‌ಲೆಂಡಿನಲ್ಲಿ. ಅವನ ಶುದ್ಧೀಕರಣ ಕಾರ್ಖಾನೆಯಿದ್ದದ್ದು ಅಲಮೀಡಾದಲ್ಲಿ.

ಬಿಳಿಗಾರ ಮಾತ್ರವಲ್ಲ, ಎನಾಮಲ್ ಒಲೆಗಳೂ ಈ ಕೊಲ್ಲಿಪ್ರದೇಶದಲ್ಲಿ ತಯಾರಾದವು. ಇಂದು ನಮ್ಮವರು ಬಹುಸಂಖ್ಯೆಯಲ್ಲಿರುವ ಫ್ರೀಮಾಂಟ್‌ಗೆ ಅಂಟಿಕೊಂಡ ನ್ಯೂಆರ್ಕ್ ಊರಿನಲ್ಲಿ ಜೇಮ್ಸ್ ಗ್ರಹಾಂ ಎಂಬವರ ಎರಕದ ಕಾರ್ಖಾನೆ 1880ರ ದಶಕದಲ್ಲಿ ನೆಲೆಗೊಂಡಿತು. ಅಲ್ಲಿಂದ ಹೊರಬಂದ ವೆಜ್‌ವುಡ್ ಒಲೆಗಳು ಪಶ್ಚಿಮ ತೀರದ ಅಡುಗೆಮನೆಗಳಲ್ಲಿ ಹೆಸರುವಾಸಿಯಾದವು. ಆರಂಭದ ಕಪ್ಪು ಕಬ್ಬಿಣದ ಒಲೆಗಳಿಗೆ ಮಸಿ ಬಳಿದು ತಿಕ್ಕಬೇಕಾಗಿತ್ತು; ಬಿಳಿ ಎನಾಮಲ್ಲಿನ ಒಲೆ ಬಂದಮೇಲೆ ಒದ್ದೆಬಟ್ಟೆಯಿಂದ ಒರೆಸಿದರೆ ಸಾಕಾಯಿತು. ಆ ಕಾರ್ಖಾನೆ ಇಂದಿಲ್ಲ. ಆದರೆ ದಪ್ಪ ಎನಾಮಲ್ಲಿನ ಆ ಹಳೆಯ ಒಲೆಗಳನ್ನು ದುರಸ್ತಿಮಾಡಿಸಿ ಇಂದಿಗೂ ಉರಿಸುವವರಿದ್ದಾರೆ. ಮಾರ್ಗನ್ ಹಿಲ್ ಸೇರಿದಂತೆ ಸಾಂಟಾ ಕ್ಲಾರಾ ಕಣಿವೆಯೆಲ್ಲ ಹಣ್ಣಿನ ತೋಟಗಳಿಂದ ತುಂಬಿದ್ದ ದಿನಗಳಲ್ಲಿ ಏಪ್ರಿಕಾಟ್ ಮೊದಲಾದ ಹುಳಿಹಣ್ಣುಗಳ ಜಾಮನ್ನು ಕುದಿಸಲು ಗೃಹಿಣಿಯರಿಗೆ ಹುಳಿಗೆ ಜಗ್ಗದ ಪಾತ್ರೆ ಬೇಕಾಗಿತ್ತು. ಎನಾಮಲ್ ಪಾತ್ರೆ ಅದಕ್ಕೆ ಒದಗಿತು. ನಮ್ಮ ಅಜ್ಜಿಯರು ಗೊಜ್ಜಿಗೆ ಕಲ್ಲಿನ ಮರಿಗೆಯನ್ನು ಆರಿಸಿದ್ದೂ ಇದೇ ಕಾರಣಕ್ಕಾಗಿ.

ಇದೇ ಕಾಲದಲ್ಲಿ ನಮ್ಮ ಮೈಸೂರು ಸಂಸ್ಥಾನದಲ್ಲಿ ಏನು ನಡೆಯುತ್ತಿತ್ತು? ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ಹಾಕಿದ ಕೈಗಾರಿಕೆಯ ತಳಹದಿಯ ಮೇಲೆ, 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು ಒಂದಾದ ಮೇಲೊಂದು ಕಾರ್ಖಾನೆಗೆ ಪ್ರೋತ್ಸಾಹ ನೀಡಿದರು. ಬೆಂಗಳೂರಿನ ಮಲ್ಲೇಶ್ವರದ ಕಡೆ ಸರ್ಕಾರಿ ಪಿಂಗಾಣಿ ಕಾರ್ಖಾನೆ ಹುಟ್ಟಿದ್ದು ಆಗಲೇ. ವಿದ್ಯುತ್ ತಂತಿಗಳಿಗೆ ಬೇಕಾದ ಇನ್ಸುಲೇಟರುಗಳು ಅದರ ಮುಖ್ಯ ಉತ್ಪನ್ನ. ಅದು 1976ರಲ್ಲಿ ಬಿ.ಎಚ್.ಇ.ಎಲ್. ಸಂಸ್ಥೆಯೊಡನೆ ಸೇರಿತು. ಬೆಂಗಳೂರಿನಲ್ಲಿ ಮೈಸೂರು ಗ್ಲಾಸ್ ಅಂಡ್ ಎನಾಮಲ್ ವರ್ಕ್ಸ್ ಎಂಬ ಕಾರ್ಖಾನೆಯೂ ಇದ್ದಿತು. ಹೊರದೇಶಗಳಿಂದ ಅಗ್ಗದ ಎನಾಮಲ್ ಸಾಮಾನುಗಳು ಭಾರತದ ಅಂಗಡಿಗಳನ್ನು ತುಂಬುತ್ತಿದ್ದ ಆ ದಿನಗಳಲ್ಲಿ, ತಟ್ಟೆ ಲೋಟಗಳನ್ನು ನಮ್ಮ ನಾಡಿನಲ್ಲಿಯೇ ಮಾಡಬೇಕೆಂಬ ಹಂಬಲ ಸಣ್ಣದಲ್ಲ.

ಆದರೂ ಎನಾಮಲ್ ನಮ್ಮ ಅಡುಗೆಮನೆಯ ಒಳಕೋಣೆಯನ್ನು ಸುಲಭವಾಗಿ ಹೊಗಲಿಲ್ಲ. ಲೋಹವನ್ನು ಬೂದಿ, ಹುಣಿಸೆಹಣ್ಣುಗಳಿಂದ ಬೆಳಗಿ ಶುದ್ಧಿಮಾಡಬಹುದು. ಪಿಂಗಾಣಿಗೆ ಅಂತಹ ಶುದ್ಧಿಯಿಲ್ಲವೆಂದು ಮಡಿವಂತರ ಮನೆಗಳು ಅದನ್ನು ಹೊರಗಿಟ್ಟವು. ಹೊರಗಿಟ್ಟ ಪಾತ್ರೆಯಲ್ಲಿ ಹೊರಗೆ ನಿಲ್ಲಿಸಿದ ಮನುಷ್ಯರಿಗೆ ಕೊಡುವ ಪದ್ಧತಿಯೂ ಅನೇಕ ಕಡೆ ಇತ್ತೆಂಬುದನ್ನು ಮರೆಮಾಚಿ ಚರಿತ್ರೆಯನ್ನು ಹೇಳಲಾಗದು. ಪಾತ್ರೆಯ ಮೈಯನ್ನು ಕುರಿತ ನಮ್ಮ ಎಚ್ಚರದಲ್ಲಿ ಆರೋಗ್ಯದ ಅರಿವಿನ ಜೊತೆಗೆ ಇಂತಹ ಕಹಿಯೂ ಬೆರೆತಿತ್ತು.

ಎನಾಮಲ್ಲನ್ನು ಯಾವ ಸಂಕೋಚವೂ ಇಲ್ಲದೆ ಸ್ವೀಕರಿಸಿದ್ದು ಆಸ್ಪತ್ರೆ. ಕ್ರಿಮಿಗಳ ಸಿದ್ಧಾಂತ ಬಂದಮೇಲೆ ಕುದಿಸಬಹುದಾದ, ಕೊಳೆ ಎದ್ದು ಕಾಣುವ, ರಕ್ತವನ್ನೂ ಔಷಧಿಯನ್ನೂ ಹೀರದ ಪಾತ್ರೆ ಅಲ್ಲಿ ಬೇಕಾಯಿತು. ನಾವು ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಾಗಿದ್ದಾಗ ವಾರ್ಡುಗಳಲ್ಲಿ ನೀಲಿ ಅಂಚಿನ ಬಿಳಿ ಎನಾಮಲ್ ಕಿಡ್ನಿ ಟ್ರೇಗಳು, ಬೇಸಿನ್ನುಗಳು ಇನ್ನೂ ಬಳಕೆಯಲ್ಲಿದ್ದವು. ಮುಂದೆ ಈ ದೇಶದಲ್ಲಿ ರೆಸಿಡೆನ್ಸಿಗೆ ಬಂದಾಗ ಅವೆಲ್ಲದರ ಸ್ಥಾನದಲ್ಲಿ ಬಳಸಿ ಬಿಸಾಡುವ ಪ್ಲಾಸ್ಟಿಕ್ಕನ್ನು ಕಂಡೆವು.

ಈಗ ಆಂಟಿಮನಿಯ ಕಥೆ. ಇಂಗ್ಲೆಂಡಿನಲ್ಲಿ 1928ರಲ್ಲಿ ವರದಿಯಾದ ಪ್ರಕರಣವಿದು. ಎನಾಮಲ್ ಬಕೆಟ್ಟುಗಳಲ್ಲಿ ಮಾಡಿಟ್ಟಿದ್ದ ನಿಂಬೆಯ ಪಾನಕವನ್ನು ಕುಡಿದ 70 ಮಂದಿ ಹೊಟ್ಟೆಯುರಿ, ವಾಂತಿಗಳಿಂದ ನರಳಿದರು. ಅವರಲ್ಲಿ 56 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಬಕೆಟ್ಟಿನ ಎನಾಮಲ್ಲಿನಲ್ಲಿ ಸುಮಾರು ನೂರಕ್ಕೆ ಮೂರು ಪಾಲು ಆಂಟಿಮನಿ ಆಕ್ಸೈಡ್ ಇದ್ದಿತು. ನಿಂಬೆಯ ಹುಳಿ ಅದನ್ನು ಕರಗಿಸಿತ್ತು. ಬಹುಮಂದಿ ಕೆಲವೇ ಗಂಟೆಗಳಲ್ಲಿ ಚೇತರಿಸಿಕೊಂಡರು. ಆದರೆ ವಿಷವನ್ನು ತಡೆಯಲೆಂದು ಕಟ್ಟಿದ ಗೋಡೆಯೇ ವಿಷವನ್ನು ಒಸರಿತೆಂಬ ಪಾಠ ಉಳಿಯಿತು. ಕಲಾಯಿ ಸವೆದರೆ ಅಜ್ಜಿಗೆ ಕಾಣುತ್ತಿತ್ತು. ಬೆಳ್ಳಗೆ ಹೊಳೆಯುವ ಎನಾಮಲ್ಲಿನ ಪಾಕದಲ್ಲಿ ಏನಿದೆಯೆಂಬುದು ಯಾವ ಗೃಹಿಣಿಗೆ ಕಂಡೀತು? ಅದು ತಯಾರಿಸಿದವನಿಗೂ ಪರೀಕ್ಷಿಸುವವನಿಗೂ ಮಾತ್ರ ಗೊತ್ತಾಗುವ ಸಂಗತಿಯಾಯಿತು.

ಹಾಗೆಂದು ಕಾಣುವ ಲೋಹವೆಲ್ಲ ಸುರಕ್ಷಿತವೆಂದೂ ಅಲ್ಲ. ನಮ್ಮ ದೇಶದ ಎಳೆಯ ಮಕ್ಕಳನ್ನು ಬಲಿತೆಗೆದುಕೊಳ್ಳುತ್ತಿದ್ದ ಯಕೃತ್ತಿನ ರೋಗವೊಂದಿತ್ತು. ವೈದ್ಯಗ್ರಂಥಗಳು ಅದನ್ನು 'ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್' ಎಂದೇ ಕರೆದವು. ಹೊಟ್ಟೆ ಊದಿ, ಯಕೃತ್ತು ಕಲ್ಲಾಗಿ, ಮಗು ಕೆಲವೇ ತಿಂಗಳುಗಳಲ್ಲಿ ಕೈಬಿಟ್ಟುಹೋಗುತ್ತಿತ್ತು. ಆ ಯಕೃತ್ತುಗಳಲ್ಲಿ ತಾಮ್ರದ ಪ್ರಮಾಣ ವಿಪರೀತವಾಗಿರುತ್ತಿತ್ತು. ಪುಣೆಯ ವೈದ್ಯರೂ ಇಂಗ್ಲೆಂಡಿನ ಡಾಕ್ಟರ್ ಸ್ಟೂಅರ್ಟ್ ಟ್ಯಾನರ್ ಅವರೂ ಕೂಡಿ 1983ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಕಾರಣವನ್ನು ಮುಂದಿಟ್ಟರು. ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆಗಳಲ್ಲಿ ಕಾಯಿಸಿದ, ಇರಿಸಿದ ಹಾಲನ್ನು ಕೂಸಿಗೆ ಬಹು ಬೇಗನೆ ಆರಂಭಿಸುವುದೇ ಆ ಕಾರಣ. ಹಾಲಿನ ಕೇಸೀನ್ ತಾಮ್ರವನ್ನು ಹಿಡಿದುಕೊಳ್ಳುತ್ತದೆ. ಒಂದೇ ಬಗೆಯ ಹಾಲು ಕುಡಿದ ಮಕ್ಕಳೆಲ್ಲರಿಗೂ ರೋಗ ಬಾರದಿದ್ದುದರಿಂದ ಅನುವಂಶೀಯ ಕಾರಣವೂ ಕೂಡಿರಬಹುದೆಂದು ಊಹಿಸಲಾಗಿದೆ. ಅದು ಹೇಗಾದರೂ ಇರಲಿ, ಹಿತ್ತಾಳೆಯ ಸ್ಥಾನಕ್ಕೆ ಸ್ಟೀಲು ಬಂದಂತೆಲ್ಲ ಆ ರೋಗವು ಅಪರೂಪವಾಯಿತು. ತಾಯಿಯ ಅಕ್ಕರೆಯಲ್ಲಿ ಎಂದೂ ಕೊರತೆಯಿರಲಿಲ್ಲ. ಬದಲಾದದ್ದು ಹಾಲಿನ ಪಾತ್ರೆ.

ಸ್ಟೀಲಿನ ಆಗಮನದಿಂದ ಎನಾಮಲ್ ತಟ್ಟೆ ಲೋಟಗಳು ನಮ್ಮ ನಾಡಿನಲ್ಲಿ ಮೂಲೆಗುಂಪಾದವು. ಸ್ಟೀಲು ಬಿದ್ದರೆ ಒಡೆಯದು, ಚಕ್ಕೆ ಏಳದು, ಹುಳಿಗೂ ಬಹುಮಟ್ಟಿಗೆ ಜಗ್ಗದು. ಆದರೆ ಎನಾಮಲ್ ವಿದ್ಯೆ ಅಳಿಯಲಿಲ್ಲ. ಕಣ್ಣಿಗೆ ಬೀಳದ ಕಡೆ ಸೇರಿಕೊಂಡಿತು. ಇಲ್ಲಿಯ ಮನೆಗಳ ಓವನ್ನಿನ ಒಳಗೋಡೆಯನ್ನು ನೋಡಿ, ಅದು ಎನಾಮಲ್. ಬೆಲೆಬಾಳುವ ಫ್ರೆಂಚ್ ಎರಕದ ಪಾತ್ರೆಗಳ ಹೊಳಪೂ ಅದೇ. ಮನೆಯ ಗ್ಯಾರೇಜಿನಲ್ಲಿ ನಿಂತಿರುವ ನೀರು ಕಾಯಿಸುವ ಟ್ಯಾಂಕಿನ ಒಳಮೈಗೂ ಸಾಮಾನ್ಯವಾಗಿ ಗಾಜಿನ ಹೊದಿಕೆಯಿರುತ್ತದೆ. ಮಿಲ್ವಾಕಿಯ ಎ. ಓ. ಸ್ಮಿತ್ ಕಂಪನಿ 1936ರಲ್ಲಿ ಅದಕ್ಕೆ ಪೇಟೆಂಟ್ ಪಡೆಯಿತು. ಗಾಜಿನಲ್ಲಿ ಎಲ್ಲೋ ಒಂದು ಸೂಕ್ಷ್ಮ ರಂಧ್ರ ಉಳಿದೇ ಉಳಿಯುವುದರಿಂದ, ಉಕ್ಕಿನ ಬದಲು ತಾನು ಸವೆಯಲೆಂದು ಮೆಗ್ನೀಸಿಯಂ ಸಲಾಕೆಯೊಂದನ್ನು ಟ್ಯಾಂಕಿನೊಳಗೆ ಇಳಿಬಿಟ್ಟಿರುತ್ತಾರೆ. ಅದು ಸವೆದಾಗ ಬದಲಿಸಿದರೆ ಟ್ಯಾಂಕು ಬಾಳುತ್ತದೆ. ಇದೇ ಕಂಪನಿಯ ಕಾರ್ಖಾನೆ ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ದಾರಿಯ ಹಾರೋಹಳ್ಳಿಯಲ್ಲಿಯೂ ಇದೆ. ಬಚ್ಚಲಮನೆಯ ತಾಮ್ರದ ಹಂಡೆಯ ಸ್ಥಾನವನ್ನು ಗಾಜಿನ ಹೊದಿಕೆಯ ಗೀಸರು ತುಂಬಿತು. ಕಲಾಯಿಗಾರನ ಕೆಲಸವನ್ನು ಈಗ ನಮ್ಮ ನಾಡಿನಲ್ಲಿಯೇ ಯಂತ್ರದ ಕುಲುಮೆಗಳು ಮಾಡುತ್ತಿವೆ.

ಇಷ್ಟು ಚರಿತ್ರೆಯನ್ನು ಹೇಳಿದ್ದು ಕೇವಲ ಕುತೂಹಲಕ್ಕಾಗಿ ಅಲ್ಲ. ಊರಿಗೆ ಹೋಗಿ ಬರುವಾಗ ನಾವೆಲ್ಲರೂ ಪೆಟ್ಟಿಗೆಯಲ್ಲಿ ಪಾತ್ರೆಗಳನ್ನು ತರುತ್ತೇವೆ. 2025ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಹೊರದೇಶಗಳಿಂದ ಬಂದ ಕೆಲವು ಅಲ್ಯೂಮಿನಿಯಂ, ಹಿತ್ತಾಳೆ ಮತ್ತು ಹಿಂಡಾಲಿಯಂ ಪಾತ್ರೆಗಳಿಂದ ಅಡುಗೆಗೆ ಸೀಸ ಇಳಿಯಬಹುದೆಂದು ಎಚ್ಚರಿಸಿತು. ಹಿಂಡಾಲಿಯಂ ಎಂಬ ಹೆಸರು ನಮ್ಮ ಯಾವ ಮನೆಗೆ ಹೊಸದು? ಸೀಸವು ಬೆಳೆಯುವ ಮಗುವಿನ ಮಿದುಳಿಗೆ ಹಾನಿಮಾಡುತ್ತದೆ. ಅದಕ್ಕೆ ಸುರಕ್ಷಿತವೆಂಬ ಮಟ್ಟವೇ ಇಲ್ಲ. ಇಂತಹ ಪಾತ್ರೆಗಳಲ್ಲಿ ಅಡುಗೆ ನಡೆಯುತ್ತಿದ್ದ ಮನೆಯಲ್ಲಿ ಚಿಕ್ಕ ಮಕ್ಕಳಾಗಲಿ ಗರ್ಭಿಣಿಯಾಗಲಿ ಇದ್ದರೆ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸುವುದು ವಿವೇಕ. ಮಕ್ಕಳ ರಕ್ತದ ಒಂದು ಡೆಸಿಲೀಟರಿನಲ್ಲಿ 3.5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಅದರ ಮೂಲವನ್ನು ಹುಡುಕಬೇಕೆಂಬುದು 2021ರಿಂದ ಇಲ್ಲಿಯ ಕ್ರಮ. ಕಲಾಯಿಗೂ ಈ ಮಾತು ಅನ್ವಯಿಸುತ್ತದೆ. ತವರ ದುಬಾರಿ, ಸೀಸ ಅಗ್ಗ. ಎರಡೂ ಬೆರೆತರೆ ಕಣ್ಣಿಗೆ ತಿಳಿಯದು.

ಎನಾಮಲ್ ಪಾತ್ರೆಗಳ ಬಗ್ಗೆಯೂ ಎರಡು ಮಾತು. ಒಳಮೈಯಲ್ಲಿ ಚಕ್ಕೆ ಎದ್ದ ಪಾತ್ರೆಯನ್ನು ಅಡುಗೆಗೆ ಬಳಸಬಾರದು. ಗಾಜಿನ ಚೂರು ಅನ್ನದಲ್ಲಿ ಸೇರುವ ಅಪಾಯವುಂಟು. ಬರಿದಾದ ಪಾತ್ರೆಯನ್ನು ಕಾಯಿಸಬಾರದು. ಕಾದ ಪಾತ್ರೆಗೆ ತಣ್ಣೀರು ಸುರಿಯಬಾರದು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಗುವ, ಪಾಕದ ವಿವರ ತಿಳಿಯದ ಎನಾಮಲ್ ಪಾತ್ರೆಗಳು ಕಪಾಟಿನ ಅಲಂಕಾರಕ್ಕಿರಲಿ; ಹುಳಿಗೆ ಬೇಡ. ಹೊಸದನ್ನು ಕೊಳ್ಳುವಾಗ ಚೀಟಿಯನ್ನು ಓದಬೇಕು. ಪಾತ್ರೆಗಳ ಲೇಪದಲ್ಲಿ ಉದ್ದೇಶಪೂರ್ವಕವಾಗಿ ಸೇರಿಸಿದ ಕೆಲವು ಹಾನಿಕಾರಕ ರಾಸಾಯನಿಕಗಳ ಹೆಸರನ್ನು ತಯಾರಕರು ಚೀಟಿಯ ಮೇಲೆ ತಿಳಿಸಬೇಕೆಂದು ಕ್ಯಾಲಿಫೋರ್ನಿಯವು 2021ರಲ್ಲಿ ಶಾಸನ ಮಾಡಿತು. 2024ರ ಜನವರಿಯಿಂದ ಅದು ಜಾರಿಯಲ್ಲಿದೆ.

ಅಜ್ಜಿಯು ಕಲಾಯಿ ಪಾತ್ರೆಯನ್ನು ಬೆಳಕಿಗೆ ಹಿಡಿದು, ಒಳಗೆ ಬೆರಳಾಡಿಸಿ ನೋಡಿ, ಅನಂತರವೇ ಕಲಾಯಿಗಾರನಿಗೆ ದುಡ್ಡು ಕೊಡುತ್ತಿದ್ದರು. ಅವರ ಪರೀಕ್ಷೆಯ ಸಾಧನ ಕಣ್ಣು. ನಮಗೆ ಕಣ್ಣೊಂದೇ ಸಾಲದು. ಚೀಟಿ, ಶಾಸನ, ಪ್ರಯೋಗಾಲಯ, ರಕ್ತಪರೀಕ್ಷೆ ಇವು ನಮ್ಮ ಸಾಧನಗಳು. ಊರಿನಿಂದ ತಂದ ಹಿತ್ತಾಳೆಯ ಪಾತ್ರೆಗಳನ್ನು ಎಸೆಯಿರೆಂದು ನಾವು ಹೇಳುವುದಿಲ್ಲ. ಅವು ದೇವರ ಮುಂದಿರಲಿ, ಹಬ್ಬದ ದಿನ ಹೂವು ತುಂಬಿ ನಿಲ್ಲಲಿ. ಮಗುವಿನ ಹಾಲಿಗೂ ಮನೆಯವರ ಹುಳಿಗೂ ಮಾತ್ರ, ಒಳಮೈ ಯಾವುದೆಂದು ನಮಗೆ ತಿಳಿದಿರುವ ಪಾತ್ರೆಯೇ ಒಲೆಯನ್ನೇರಲಿ.